ಆಟದ ಬಯಲಿನಲ್ಲಿ ಸಕ್ಕರೆಯ ಲೆಕ್ಕ

ಒಂದೇ ಮಗು, ಒಂದೇ ಶಾಲೆ, ಮನೆಯಿಂದ ಕಟ್ಟಿಕೊಟ್ಟ ಅದೇ ಡಬ್ಬಿ ಊಟ, ಅಷ್ಟೇ ಪ್ರಮಾಣದ ಇನ್ಸುಲಿನ್ ಚುಚ್ಚುಮದ್ದು. ಸೋಮವಾರ ಸಂಜೆ ಒಂದು ಗಂಟೆ ಫುಟ್‌ಬಾಲ್ ಆಡಿ ಬಂದಾಗ ರಕ್ತದ ಸಕ್ಕರೆ 62ಕ್ಕೆ ಇಳಿದಿದೆ. ಗುರುವಾರದ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟ ಓಡಿ ಬಂದಾಗ ಅದೇ ಸಕ್ಕರೆ 240ಕ್ಕೆ ಏರಿದೆ. ಮಧುಮೇಹವಿರುವ ಮಕ್ಕಳ ಮನೆಗಳಲ್ಲಿ ಸಕ್ಕರೆ ಬರೆದಿಡುವ ಪುಸ್ತಕ ತೆರೆದರೆ ಇಂಥ ಜೋಡಿ ಅಂಕಿಗಳು ಕಣ್ಣಿಗೆ ಬೀಳುವುದು ಅಪರೂಪವಲ್ಲ. ವ್ಯಾಯಾಮ ಮಾಡಿದರೆ ಸಕ್ಕರೆ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಗುರುವಾರ ಏರಿದ್ದೇಕೆ? ಸೋಮವಾರ ಕೈಕಾಲು ನಡುಗುವಷ್ಟು ಇಳಿದಿದ್ದೇಕೆ?

ಉತ್ತರ ತಿಳಿಯದ ಮನೆಗಳಲ್ಲಿ ಹಿರಿಯರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಆಟದ ಸಹವಾಸವೇ ಬೇಡ. ಪಿ.ಟಿ. ಪೀರಿಯಡ್‌ನಲ್ಲಿ ಗೆಳೆಯರೆಲ್ಲ ಓಡುತ್ತಿರುವಾಗ ಆ ಮಗು ಮರದ ಕೆಳಗೆ ಕುಳಿತು ಎಲ್ಲರ ಚಪ್ಪಲಿ ಕಾಯುತ್ತದೆ. ಇದು ಪ್ರೀತಿಯಿಂದ ಮಾಡಿದ ತಪ್ಪು. ಮೇಲೆ ಹೇಳಿದ ಎರಡು ಅಂಕಿಗಳೂ ದೇಹದ ನಿಯಮಕ್ಕೆ ಅನುಗುಣವಾಗಿಯೇ ಬಂದಿವೆ. ಆ ನಿಯಮ ತಿಳಿದರೆ ಮಗುವನ್ನು ಮೈದಾನದಿಂದ ದೂರ ಇಡುವ ಅಗತ್ಯವೇ ಬೀಳುವುದಿಲ್ಲ.

ಎರಡು ಬಗೆಯ ಕಾಯಿಲೆ

ಸಕ್ಕರೆ ಕಾಯಿಲೆ ಎಂದು ಒಂದೇ ಹೆಸರಿನಲ್ಲಿ ಕರೆದರೂ ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯ ಬಗೆ, ಅಂದರೆ ಟೈಪ್ 1. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ಭ್ರಮಿಸಿ ನಾಶಮಾಡುತ್ತದೆ. ಮಗು ಸಿಹಿ ಹೆಚ್ಚು ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಂದೆತಾಯಿಯ ಅಜಾಗರೂಕತೆಯೂ ಕಾರಣವಲ್ಲ. ಇಂಥ ಮಕ್ಕಳಿಗೆ ಇನ್ಸುಲಿನ್ ಚುಚ್ಚುಮದ್ದು ಊಟದಷ್ಟೇ ಅನಿವಾರ್ಯ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಎರಡನೆಯ ಬಗೆ, ಟೈಪ್ 2, ಹೆಚ್ಚಾಗಿ ದೊಡ್ಡವರದು. ಇವರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ವರ್ಷಗಳು ಕಳೆದಂತೆ ಉತ್ಪತ್ತಿಯೂ ಕುಗ್ಗುತ್ತದೆ. ವ್ಯಾಯಾಮದಿಂದ ಸಕ್ಕರೆ ಇಳಿಯುತ್ತದೆ ಎಂಬ ಜನಜನಿತ ಮಾತು ಮುಖ್ಯವಾಗಿ ಇವರಿಗೆ ಹೊಂದುತ್ತದೆ. ಮಕ್ಕಳ ವಿಷಯದಲ್ಲಿ ಅದು ಅರ್ಧ ಸತ್ಯ ಮಾತ್ರ.

ರಕ್ತದಲ್ಲಿರುವುದು ಎಷ್ಟು?

ಆರೋಗ್ಯವಂತ ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಗುಣಿಸಿ ನೋಡಿದರೆ ಇಡೀ ರಕ್ತದಲ್ಲಿರುವ ಸಕ್ಕರೆ ಹೆಚ್ಚೆಂದರೆ 5 ಗ್ರಾಂ, ಅಂದರೆ ಒಂದು ಟೀ ಚಮಚ. 30 ಕಿಲೋ ತೂಕದ ಮಗುವಿನಲ್ಲಿ ಅರ್ಧ ಚಮಚ. ಕಾಫಿಗೆ ಹಾಕಿಕೊಳ್ಳುವಷ್ಟೂ ಇಲ್ಲದ ಈ ಸಕ್ಕರೆಯ ಮೇಲೆಯೇ ಮೆದುಳು ಕ್ಷಣಕ್ಷಣವೂ ಅವಲಂಬಿಸಿದೆ.

ಜೋರಾಗಿ ಓಡುವಾಗ ದೊಡ್ಡವರ ಸ್ನಾಯುಗಳು ನಿಮಿಷಕ್ಕೆ ಒಂದು ಗ್ರಾಂನಷ್ಟು ಗ್ಲೂಕೋಸನ್ನು ರಕ್ತದಿಂದ ಎಳೆದುಕೊಳ್ಳಬಲ್ಲವು. ಹಾಗಾದರೆ ಐದು ನಿಮಿಷದಲ್ಲಿ ರಕ್ತ ಬರಿದಾಗಬೇಕಲ್ಲ? ಆಗುವುದಿಲ್ಲ. ಏಕೆಂದರೆ ಹಿಂದೆ ಒಂದು ಕಣಜವಿದೆ. ಅದೇ ಯಕೃತ್ತು. ಉಂಡ ಅನ್ನ, ಮುದ್ದೆ, ಚಪಾತಿಯ ಒಂದು ಭಾಗವನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಶೇಖರಿಸಿಟ್ಟಿರುತ್ತದೆ. ವಯಸ್ಕರಲ್ಲಿ ಇದು ಸುಮಾರು 100 ಗ್ರಾಂ. ಸ್ನಾಯುಗಳೂ ತಮ್ಮ ಪಾಲಿನ ಗ್ಲೈಕೋಜನ್ನನ್ನು ಕೂಡಿಟ್ಟುಕೊಂಡಿರುತ್ತವೆ, ಅದು ಇದಕ್ಕಿಂತ ಮೂರು ನಾಲ್ಕು ಪಟ್ಟು. ಆದರೆ ಸ್ನಾಯು ಸ್ವಾರ್ಥಿ. ತನ್ನ ಗಂಟನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆಯೇ ಹೊರತು ರಕ್ತಕ್ಕೆ ಹಿಂದಿರುಗಿಸುವುದಿಲ್ಲ. ಊರಿಗೆಲ್ಲ ಹಂಚುವ ಉದಾರಿ ಯಕೃತ್ತು ಮಾತ್ರ.

ವ್ಯಾಯಾಮದ ಹೊತ್ತಿನ ಸಕ್ಕರೆಯ ಏರಿಳಿತವೆಂದರೆ ಇಷ್ಟೇ: ಸ್ನಾಯು ಎಷ್ಟು ಎಳೆದುಕೊಂಡಿತು, ಯಕೃತ್ತು ಎಷ್ಟು ಸುರಿಯಿತು ಎಂಬ ಜಮಾಖರ್ಚಿನ ಲೆಕ್ಕ.

ಬಾಗಿಲಿಗೆ ಎರಡು ಕೀಲಿಕೈ

ಗ್ಲೂಕೋಸ್ ತಾನಾಗಿ ಸ್ನಾಯುವಿನ ಕೋಶದೊಳಕ್ಕೆ ನುಗ್ಗಲಾರದು. ಅದನ್ನು ಒಳಗೆ ಬಿಡಲು ಬಾಗಿಲಿನಂಥ ಒಂದು ಪ್ರೋಟೀನ್ ಬೇಕು. 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಗುರುತಿಸಿದ ಇದಕ್ಕೆ ಗ್ಲೂಟ್-4 ಎಂದು ಹೆಸರು. ವಿಶ್ರಾಂತಿಯಲ್ಲಿದ್ದಾಗ ಈ ಬಾಗಿಲುಗಳು ಕೋಶದ ಒಳಗೆ ಮಡಚಿಟ್ಟಂತಿರುತ್ತವೆ. ಇನ್ಸುಲಿನ್ ಬಂದು ಸೂಚನೆ ಕೊಟ್ಟಾಗ ಮೇಲ್ಮೈಗೆ ಬಂದು ತೆರೆದುಕೊಳ್ಳುತ್ತವೆ.

ಇದು ಮೊದಲನೆಯ ಕೀಲಿಕೈ. ಎರಡನೆಯದು ಸ್ನಾಯುವಿನ ಕೆಲಸವೇ. ಕಾಲು ಮಡಚಿ ಚಾಚುವಾಗ, ಸೈಕಲ್ ತುಳಿಯುವಾಗ, ಗುದ್ದಲಿ ಎತ್ತಿ ಹಾಕುವಾಗ ಸ್ನಾಯು ಸಂಕುಚಿಸುತ್ತದೆಯಲ್ಲ, ಆ ಸಂಕೋಚನವೇ ಇನ್ಸುಲಿನ್ನಿನ ಹಂಗಿಲ್ಲದೆ ಅದೇ ಬಾಗಿಲುಗಳನ್ನು ಮೇಲಕ್ಕೆ ತರುತ್ತದೆ. ಟೈಪ್ 2 ಕಾಯಿಲೆಯವರಿಗೆ ನಡಿಗೆ ಏಕೆ ಮದ್ದಿನಂತೆ ಕೆಲಸ ಮಾಡುತ್ತದೆ ಎಂಬುದರ ಗುಟ್ಟು ಇಲ್ಲಿದೆ. ಅವರಲ್ಲಿ ಮೊದಲ ಕೀಲಿಕೈಗೆ ತುಕ್ಕು ಹಿಡಿದಿರುತ್ತದೆ. ಎರಡನೆಯದು ಸರಿಯಾಗಿಯೇ ತಿರುಗುತ್ತದೆ.

ಇನ್ಸುಲಿನ್ ಚುಚ್ಚಿಸಿಕೊಂಡ ಮಗು ಆಟಕ್ಕೆ ಇಳಿದಾಗ ಎರಡೂ ಕೀಲಿಕೈಗಳು ಒಟ್ಟಿಗೆ ತಿರುಗುತ್ತವೆ. ಬಾಗಿಲು ಹಾರುಹೊಡೆದು ನಿಲ್ಲುತ್ತದೆ. ಸೋಮವಾರದ 62ರ ಕಥೆ ಇಲ್ಲಿಂದ ಆರಂಭ.

ಹಿಂದಕ್ಕೆ ಕರೆಯಲಾಗದ ಇನ್ಸುಲಿನ್

ಕಾಯಿಲೆಯಿಲ್ಲದ ಹುಡುಗ ಓಡತೊಡಗಿದ ಕೆಲವೇ ನಿಮಿಷಗಳಲ್ಲಿ ಅವನ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ. ಜೊತೆಗೆ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿಗೆ ಕಣಜ ತೆರೆಯುವಂತೆ ಹೇಳುತ್ತದೆ. ಎಳೆದುಕೊಂಡಷ್ಟು ತುಂಬಿಕೊಳ್ಳುತ್ತದೆ, ಸಕ್ಕರೆ ಹೆಚ್ಚು ಕದಲುವುದಿಲ್ಲ. ಇದನ್ನೆಲ್ಲ ಹುಡುಗ ಯೋಚಿಸಬೇಕಾಗಿಲ್ಲ.

ಚುಚ್ಚುಮದ್ದಿನ ಇನ್ಸುಲಿನ್ನಿಗೆ ಈ ವಿವೇಕವಿಲ್ಲ. ಚರ್ಮದ ಕೆಳಗೆ ಒಮ್ಮೆ ಹಾಕಿದ ಮೇಲೆ ಅದು ತನ್ನ ವೇಳಾಪಟ್ಟಿಯಂತೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಮಗು ಓಡುತ್ತಿದೆಯೋ ಮಲಗಿದೆಯೋ ಅದಕ್ಕೆ ಗೊತ್ತಿಲ್ಲ. ಹಾಕಿದ್ದನ್ನು ಹಿಂದಕ್ಕೆ ಪಡೆಯಲೂ ಆಗದು. ಒಂದು ಕಡೆ ಸ್ನಾಯು ಎಳೆಯುತ್ತಿದ್ದರೆ ಇನ್ನೊಂದು ಕಡೆ ಇದೇ ಇನ್ಸುಲಿನ್ ಯಕೃತ್ತಿನ ಕಣಜಕ್ಕೆ ಬೀಗ ಹಾಕಿ ಕುಳಿತಿರುತ್ತದೆ. ಖರ್ಚು ಏರುತ್ತದೆ, ಜಮೆ ನಿಲ್ಲುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಲಂಡನ್ನಿನ ವೈದ್ಯ ಆರ್.ಡಿ. ಲಾರೆನ್ಸ್ ಮುಖ್ಯರು. ಅವರೇ ಸ್ವತಃ ಮಧುಮೇಹಿ. 1923ರಲ್ಲಿ ಸಾವಿನಂಚಿನಲ್ಲಿದ್ದಾಗ ಇನ್ಸುಲಿನ್ ದೊರೆತು ಬದುಕಿಕೊಂಡವರು. ಇನ್ಸುಲಿನ್ ಪಡೆದವರು ವ್ಯಾಯಾಮ ಮಾಡಿದರೆ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ ಎಂದು 1926ರಲ್ಲಿ ಅವರು ಬರೆದರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ತಮ್ಮ ರೋಗಿಗಳಿಗೆ ಚಿಕಿತ್ಸೆಯನ್ನು ಮೂರು ಕುದುರೆಗಳ ರಥಕ್ಕೆ ಹೋಲಿಸಿ ವಿವರಿಸುತ್ತಿದ್ದರು. ಆಹಾರ, ಇನ್ಸುಲಿನ್, ವ್ಯಾಯಾಮ ಇವೇ ಆ ಕುದುರೆಗಳು. ಒಂದನ್ನು ಬಿಚ್ಚಿಟ್ಟರೆ ರಥ ಓಡೀತು, ನೆಟ್ಟಗೆ ಓಡದು.

ಇನ್ನೊಂದು ಸಣ್ಣ ಸಂಗತಿಯೂ ಗಮನಾರ್ಹ. ತೊಡೆಗೆ ಇನ್ಸುಲಿನ್ ಹಾಕಿಸಿಕೊಂಡ ಕೂಡಲೇ ಸೈಕಲ್ ತುಳಿದರೆ ಅದು ಹೀರಲ್ಪಡುವ ವೇಗ ಹೆಚ್ಚುತ್ತದೆ. 1978ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿದರು. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ ಬೆಳಗಿನ ಚುಚ್ಚುಮದ್ದನ್ನು ಹೊಟ್ಟೆಯ ಭಾಗಕ್ಕೆ ಹಾಕುವುದು ಲೇಸು ಎಂದು ವೈದ್ಯರು ಹೇಳುವುದು ಇದಕ್ಕೇ.

ಓಡಿದರೂ ಏರುವುದೇಕೆ?

ಈಗ ಗುರುವಾರದ 240ರ ಕಡೆ ಬರೋಣ. ನೂರು ಮೀಟರ್ ಓಟ ಮುಗಿಯಲು ಮಕ್ಕಳಿಗೆ ಹದಿನೈದಿಪ್ಪತ್ತು ಸೆಕೆಂಡು ಸಾಕು. ಅಷ್ಟರಲ್ಲಿ ಸ್ನಾಯು ರಕ್ತದಿಂದ ಎಳೆದುಕೊಳ್ಳುವುದು ಅಲ್ಪ. ತನ್ನ ಒಳಗಿನ ಗಂಟಿನಿಂದಲೇ ಅದು ಕೆಲಸ ಪೂರೈಸುತ್ತದೆ. ಆದರೆ ಸೀಟಿ ಊದುವ ಮೊದಲಿನ ಎದೆಬಡಿತ, ಗೆಲ್ಲಬೇಕೆಂಬ ತವಕ, ಸರ್ವಶಕ್ತಿ ಹಾಕಿ ಓಡುವ ಶ್ರಮ ಇವೆಲ್ಲ ಸೇರಿ ಅಡ್ರಿನಲಿನ್ ಎಂಬ ಹಾರ್ಮೋನು ಚಿಮ್ಮುತ್ತದೆ. ಹುಲಿ ಎದುರಾದಾಗ ಓಡಲು ನೆರವಾಗಲೆಂದು ಪ್ರಕೃತಿ ಇಟ್ಟ ಏರ್ಪಾಡು ಇದು. ಅಡ್ರಿನಲಿನ್ ಬಂದೊಡನೆ ಯಕೃತ್ತು ಕಣಜದ ಬಾಯಿ ತೆರೆದು ಸುರಿಯುತ್ತದೆ. ಆರೋಗ್ಯವಂತ ಮಗುವಿನಲ್ಲಿ ಓಟ ಮುಗಿದೊಡನೆ ಇನ್ಸುಲಿನ್ ಏರಿ ಹೆಚ್ಚಾದ ಸಕ್ಕರೆಯನ್ನು ಒಳಕ್ಕೆ ಕಳಿಸುತ್ತದೆ. ಟೈಪ್ 1 ಮಗುವಿನಲ್ಲಿ ಹಾಗೆ ಏರಲು ಇನ್ಸುಲಿನ್ ಇಲ್ಲ. ಆದ್ದರಿಂದ ಅಂಕಿ ಮೇಲೆಯೇ ನಿಲ್ಲುತ್ತದೆ. ಒಂದೆರಡು ಗಂಟೆಗಳಲ್ಲಿ ಅದು ತಾನಾಗಿ ಇಳಿಯುವುದೇ ಹೆಚ್ಚು. ಗಾಬರಿಯಿಂದ ಆಗಲೇ ಹೆಚ್ಚುವರಿ ಇನ್ಸುಲಿನ್ ಹಾಕಿದರೆ ರಾತ್ರಿ ಸಕ್ಕರೆ ಪಾತಾಳಕ್ಕೆ ಇಳಿಯುವ ಅಪಾಯವಿದೆ.

ಕಬಡ್ಡಿ, ಖೋ-ಖೋಗಳಂಥ ಆಟಗಳಲ್ಲಿ ಎರಡೂ ಬೆರೆತಿರುತ್ತವೆ. ಮಿಂಚಿನ ಓಟ, ನಡುವೆ ಕುಳಿತ ಬಿಡುವು, ಮತ್ತೆ ಓಟ. ಹೀಗಾಗಿ ಒಂದೇ ಸಮನೆ ಸೈಕಲ್ ತುಳಿದಾಗ ಇಳಿಯುವಷ್ಟು ವೇಗವಾಗಿ ಇವುಗಳಲ್ಲಿ ಸಕ್ಕರೆ ಇಳಿಯದಿರಬಹುದು.

ಆಡಿದರೂ ಸಕ್ಕರೆ ಏರುವ ಇನ್ನೊಂದು ಸಂದರ್ಭವಿದೆ. ಇದು ಮಾತ್ರ ನಿಜಕ್ಕೂ ಅಪಾಯದ್ದು. ಇನ್ಸುಲಿನ್ ತಪ್ಪಿಸಿಕೊಂಡ ಅಥವಾ ಜ್ವರ, ಸೋಂಕಿನಿಂದ ಬಳಲುತ್ತಿರುವ ಮಗುವಿನಲ್ಲಿ ಇನ್ಸುಲಿನ್ ಕೊರತೆ ತೀವ್ರವಾಗಿದ್ದಾಗ ದೇಹ ಕೊಬ್ಬನ್ನು ಉರಿಸತೊಡಗುತ್ತದೆ. ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ಕೂಡುತ್ತವೆ. ಆಗ ಓಡಿಸಿದರೆ ಸಕ್ಕರೆಯೂ ಏರುತ್ತದೆ, ಕೀಟೋನೂ ಏರುತ್ತದೆ. ಹೊಟ್ಟೆನೋವು, ವಾಂತಿ, ಹಣ್ಣು ಕೊಳೆತಂಥ ಉಸಿರಿನ ವಾಸನೆ, ಏದುಸಿರು ಇದರ ಲಕ್ಷಣಗಳು. ಸಕ್ಕರೆ ಹೆಚ್ಚಾಗಿದೆ, ನಾಲ್ಕು ಸುತ್ತು ಓಡಿದರೆ ಇಳಿಯುತ್ತದೆ ಎಂಬ ಉಪಾಯ ಇಲ್ಲಿ ಬೆಂಕಿಗೆ ಎಣ್ಣೆ ಸುರಿದಂತೆ. ಇಂಥ ಮಗುವಿಗೆ ಬೇಕಾದದ್ದು ಇನ್ಸುಲಿನ್, ನೀರು ಮತ್ತು ತಡಮಾಡದೆ ಆಸ್ಪತ್ರೆ.

ಆಟ ಮುಗಿದ ಮೇಲಿನ ರಾತ್ರಿ

ಮೈದಾನದಲ್ಲಿ ಏನೂ ಆಗಲಿಲ್ಲ, ಮನೆಗೆ ಬಂದು ಊಟ ಮಾಡಿ ಮಲಗಿತು ಎಂದಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಖಾಲಿಯಾದ ತನ್ನ ಗಂಟನ್ನು ಸ್ನಾಯು ಗಂಟೆಗಟ್ಟಲೆ ತುಂಬಿಕೊಳ್ಳುತ್ತಲೇ ಇರುತ್ತದೆ. ವ್ಯಾಯಾಮದ ನಂತರ ಒಂದು ದಿನ, ಕೆಲವೊಮ್ಮೆ ಎರಡು ದಿನಗಳವರೆಗೂ ದೇಹ ಇನ್ಸುಲಿನ್ನಿಗೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತದೆ. ಸಂಜೆ ಆಡಿದ ಮಗುವಿಗೆ ಸಕ್ಕರೆ ಇಳಿಯುವುದು ನಡುರಾತ್ರಿ ಎರಡು ಮೂರು ಗಂಟೆಗೆ ಇರಬಹುದು. ನಿದ್ದೆಯಲ್ಲಿರುವ ಮಗುವಿಗೆ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ಬೆವರಿನಿಂದ ಒದ್ದೆಯಾದ ಬಟ್ಟೆ, ಕೆಟ್ಟ ಕನಸು, ನಿದ್ದೆಯಲ್ಲಿ ಕನವರಿಕೆ, ಬೆಳಿಗ್ಗೆ ತಲೆನೋವು ಇದರ ಸುಳಿವುಗಳು.

ಆದ್ದರಿಂದ ಕ್ರೀಡಾಕೂಟ, ಪ್ರವಾಸ, ಜಾತ್ರೆಯ ಅಲೆದಾಟದಂಥ ಹೆಚ್ಚಿನ ಶ್ರಮದ ದಿನ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ಸಕ್ಕರೆ ನೋಡುವುದು ಒಳ್ಳೆಯದು. ಮಲಗುವಾಗ ಒಂದು ಲೋಟ ಹಾಲು, ಜೊತೆಗೆ ಒಂದು ಚಪಾತಿ ಅಥವಾ ಬ್ರೆಡ್ಡಿನ ತುಂಡು ರಾತ್ರಿಯ ಕಾವಲಿಗೆ ನೆರವಾಗುತ್ತದೆ. ರಾತ್ರಿಯ ಇನ್ಸುಲಿನ್ ಎಷ್ಟು ತಗ್ಗಿಸಬೇಕೆಂಬುದನ್ನು ಮಗುವನ್ನು ನೋಡುವ ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಮಾತ್ರ ಎಂದಿಗೂ ಸಲ್ಲದು.

ಮೈದಾನಕ್ಕೆ ಇಳಿಯುವ ಮುನ್ನ

ಆಟದ ಮೊದಲು ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷಿಸಿದರೆ ಅರ್ಧ ಕೆಲಸ ಮುಗಿದಂತೆ. ಸ್ಥೂಲವಾಗಿ ಹೇಳುವುದಾದರೆ, ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ ಮೊದಲು 10ರಿಂದ 20 ಗ್ರಾಂ ಪಿಷ್ಟವಿರುವ ತಿನಿಸು ತಿಂದು, ಅಂಕಿ ಮೇಲೆ ಬಂದ ಮೇಲೆ ಆಡಬೇಕು. ಒಂದು ಸಾಧಾರಣ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 4 ಗ್ರಾಂ, ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲಿ 20 ಗ್ರಾಂಗೆ ಮೇಲ್ಪಟ್ಟು ಪಿಷ್ಟ, ಸಕ್ಕರೆ ಇರುತ್ತದೆ. 250 ದಾಟಿದ್ದರೆ ಕೀಟೋನ್ ಪರೀಕ್ಷೆ ಅಗತ್ಯ. ಕೀಟೋನ್ ಕಂಡರೆ ಅಂದು ಆಟವಿಲ್ಲ. ಹಿಂದಿನ 24 ಗಂಟೆಗಳಲ್ಲಿ ಸಕ್ಕರೆ ಇಳಿದು ಮಗು ಎಚ್ಚರ ತಪ್ಪಿದ್ದರೆ ಅಂದೂ ವಿಶ್ರಾಂತಿಯೇ ಸರಿ, ಏಕೆಂದರೆ ಒಮ್ಮೆ ತೀರಾ ಇಳಿದ ಮೇಲೆ ದೇಹದ ಎಚ್ಚರಿಕೆಯ ಗಂಟೆ ಮರುದಿನ ಸರಿಯಾಗಿ ಬಾರಿಸುವುದಿಲ್ಲ.

ಎಷ್ಟು ಹೆಚ್ಚುವರಿ ತಿನ್ನಬೇಕು ಎಂಬುದು ಇನ್ಸುಲಿನ್ನಿನ ವೇಳೆಯನ್ನು ಅವಲಂಬಿಸಿದೆ. ಊಟದ ಇನ್ಸುಲಿನ್ ಉಚ್ಛ್ರಾಯದಲ್ಲಿರುವ ಹೊತ್ತಿನಲ್ಲಿ ಆಡಿದರೆ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 1ರಿಂದ 1.5 ಗ್ರಾಂ ಪಿಷ್ಟ ಬೇಕಾಗಬಹುದು. 30 ಕಿಲೋ ಮಗುವಿಗೆ ಇದು 30ರಿಂದ 45 ಗ್ರಾಂ. ಊಟವಾಗಿ ನಾಲ್ಕಾರು ಗಂಟೆಯ ಮೇಲೆ ಆಡಿದರೆ ಇದರ ಅರ್ಧಕ್ಕಿಂತಲೂ ಕಡಿಮೆ ಸಾಕಾಗಬಹುದು. ಪ್ರತಿ ಮಗುವೂ ಬೇರೆ. ಆದ್ದರಿಂದ ಆಟದ ಹೆಸರು, ಹೊತ್ತು, ಮೊದಲಿನ ಅಂಕಿ, ನಂತರದ ಅಂಕಿ, ತಿಂದದ್ದು ಇವನ್ನು ಎರಡು ಮೂರು ವಾರ ಒಂದು ಪುಸ್ತಕದಲ್ಲಿ ಬರೆದರೆ ಆ ಮಗುವಿನದೇ ಆದ ಸೂತ್ರ ಹೊರಬರುತ್ತದೆ. ಏಳನೆಯ ತರಗತಿ ದಾಟಿದ ಮಕ್ಕಳು ಇದನ್ನು ತಾವೇ ಬರೆಯಬಲ್ಲರು. ತೋಳಿಗೆ ಅಂಟಿಸುವ ಸಂವೇದಕಗಳೂ ಈಗ ದೊರೆಯುತ್ತವೆ. ಆದರೆ ಸಕ್ಕರೆ ವೇಗವಾಗಿ ಇಳಿಯುವಾಗ ಅವು ತೋರಿಸುವ ಅಂಕಿ ಕೆಲವು ನಿಮಿಷ ಹಿಂದೆ ಬೀಳುತ್ತದೆ ಎಂಬುದು ನೆನಪಿರಲಿ.

ವ್ಯಾಯಾಮವೆಂದರೆ ಪಿ.ಟಿ. ಪೀರಿಯಡ್ ಮಾತ್ರವಲ್ಲ. ವಾರ್ಷಿಕೋತ್ಸವದ ನೃತ್ಯದ ರಿಹರ್ಸಲ್, ಎನ್‌ಸಿಸಿ ಪೆರೇಡ್, ಕರಾವಳಿಯ ಮಕ್ಕಳ ಯಕ್ಷಗಾನದ ಹೆಜ್ಜೆ, ರಜೆಯಲ್ಲಿ ಗದ್ದೆಯ ನಾಟಿಗೆ ಕೈಜೋಡಿಸುವುದು, ಮನೆಗೆ ನೀರು ಹೊರುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೇಷ್ಟರಿಗೆ ತಿಳಿದಿರಲಿ

ಸಕ್ಕರೆ 70ಕ್ಕಿಂತ ಕೆಳಗೆ ಬಂದಾಗ ನಡುಕ, ಬೆವರು, ಎದೆಬಡಿತ, ಹಸಿವು, ಮುಖ ಬಿಳಿಚಿಕೊಳ್ಳುವುದು, ವಿನಾಕಾರಣ ಸಿಟ್ಟು, ಮಾತಿನಲ್ಲಿ ತಡವರಿಕೆ ಕಾಣಿಸಿಕೊಳ್ಳುತ್ತವೆ. ತೊಡಕೆಂದರೆ, ಬಿಸಿಲಿನಲ್ಲಿ ಆಡುವ ಎಲ್ಲ ಮಕ್ಕಳೂ ಬೆವರುತ್ತಾರೆ, ಎಲ್ಲರ ಎದೆಯೂ ಬಡಿದುಕೊಳ್ಳುತ್ತದೆ. ಆಟವೇ ಲಕ್ಷಣಗಳನ್ನು ಮರೆಮಾಡುತ್ತದೆ. ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ದಿಕ್ಕು ತಪ್ಪಿ ಓಡಿದರೆ, ಚೆಂಡು ಎದುರಿಗಿದ್ದರೂ ಸುಮ್ಮನೆ ನಿಂತರೆ, ಜಗಳಕ್ಕೆ ಇಳಿದರೆ ಅದನ್ನು ಸೋಮಾರಿತನವೆಂದೋ ಅಶಿಸ್ತೆಂದೋ ಗದರಿಸುವ ಮುನ್ನ ಸಕ್ಕರೆಯ ನೆನಪಾಗಬೇಕು.

ಆಗ ಮಾಡಬೇಕಾದದ್ದು ಸರಳ. ಆಟ ನಿಲ್ಲಿಸಿ ಕೂರಿಸಿ ಎರಡು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಚಾಕೊಲೇಟ್ ಇದಕ್ಕೆ ತಕ್ಕದ್ದಲ್ಲ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ಮಗುವನ್ನು ಒಂಟಿಯಾಗಿ ಮನೆಗೋ ಶಿಕ್ಷಕರ ಕೋಣೆಗೋ ಕಳಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ, ಗ್ಲುಕಗಾನ್ ಚುಚ್ಚುಮದ್ದು ಇದ್ದು ಕೊಡಲು ಬಲ್ಲವರಿದ್ದರೆ ಕೊಟ್ಟು, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಇಷ್ಟೆಲ್ಲ ನಡೆಯಬೇಕಾದರೆ ಶಾಲೆಗೆ ವಿಷಯ ಗೊತ್ತಿರಬೇಕು. ನಮ್ಮಲ್ಲಿ ಎಷ್ಟೋ ತಂದೆತಾಯಂದಿರು ಮಗುವಿನ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಹೆಣ್ಣುಮಗುವಾದರಂತೂ ಮುಂದೆ ಮದುವೆಗೆ ತೊಡಕಾದೀತೆಂಬ ಅಂಜಿಕೆ. ಆ ಗುಟ್ಟಿನ ಬೆಲೆಯನ್ನು ತೆರುವುದು ಮಗು. ಕುಸಿದು ಬಿದ್ದಾಗ ಬಿಸಿಲಿಗೆ ತಲೆ ತಿರುಗಿತೆಂದು ಮುಖಕ್ಕೆ ನೀರು ಚಿಮುಕಿಸುವವರು ಸಿಗುತ್ತಾರೆ, ಒಂದು ಲೋಟ ಸಕ್ಕರೆ ನೀರು ಕೊಡುವವರು ಸಿಗುವುದಿಲ್ಲ. ತರಗತಿಯ ಶಿಕ್ಷಕರು, ದೈಹಿಕ ಶಿಕ್ಷಕರು, ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯ ಅಥವಾ ಗೆಳತಿ, ಇಷ್ಟು ಜನರಿಗಾದರೂ ತಿಳಿದಿರಲಿ. ಈಜು, ಸೈಕಲ್ ಸವಾರಿ, ಮರ ಹತ್ತುವುದು ಇವುಗಳಲ್ಲಿ ಗೊತ್ತಿರುವವರ ಜೊತೆ ಇದ್ದೇ ಇರಬೇಕು.

ಪರೀಕ್ಷೆಯ ವರ್ಷ

ಆಟದಂತೆಯೇ ಆಟ ನಿಲ್ಲುವುದೂ ಸಕ್ಕರೆಯ ಲೆಕ್ಕವನ್ನು ಬದಲಿಸುತ್ತದೆ. ಎಸ್ಸೆಸ್ಸೆಲ್ಸಿಗೆ ಬಂದ ಕೂಡಲೇ ಮೈದಾನ ಬಂದ್, ಟ್ಯೂಷನ್ ಶುರು. ದಿನವೂ ಸಂಜೆ ಓಡುತ್ತಿದ್ದ ಹುಡುಗಿ ಹತ್ತು ಗಂಟೆ ಕುರ್ಚಿಗೆ ಅಂಟಿದರೆ ಎರಡನೆಯ ಕೀಲಿಕೈ ತಿರುಗುವುದೇ ನಿಲ್ಲುತ್ತದೆ. ಅದೇ ಊಟ, ಅದೇ ಇನ್ಸುಲಿನ್, ಆದರೆ ಅಂಕಿ ದಿನೇ ದಿನೇ ಮೇಲೆ. ಜೊತೆಗೆ ಆತಂಕದ ಹಾರ್ಮೋನುಗಳು ಬೇರೆ. ಕದ್ದು ಸಿಹಿ ತಿಂದಿದ್ದಾಳೆಂದು ಮಗುವನ್ನು ಬೈಯುವ ಮನೆಗಳಿವೆ. ಹೆಚ್ಚಿದ ಸಕ್ಕರೆಯಿಂದ ಮಂಪರು, ಬಾಯಾರಿಕೆ, ಓದಿನಲ್ಲಿ ಏಕಾಗ್ರತೆಯ ಕೊರತೆ ಬರುತ್ತವೆ. ಓದಿಗೆಂದು ಬಿಡಿಸಿದ ಆಟವೇ ಓದನ್ನು ಕೆಡಿಸುತ್ತದೆ. ದಿನಕ್ಕೆ ಒಂದು ಗಂಟೆಯ ಚಟುವಟಿಕೆ ಎಲ್ಲ ಮಕ್ಕಳಿಗೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆಯ ವರ್ಷಕ್ಕೆಂದು ಅದರಲ್ಲಿ ರಿಯಾಯಿತಿ ಇಲ್ಲ.

ಅಪ್ಪ ಅಮ್ಮಂದಿರ ಸಕ್ಕರೆ

ಮಕ್ಕಳನ್ನು ಆಟಕ್ಕೆ ಕಳಿಸಿ ಕಾಂಪೌಂಡಿನ ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾಯುವ ದೊಡ್ಡವರಿಗೂ ಇಲ್ಲಿ ಪಾಠವಿದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಟೈಪ್ 2. ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನಡಿಗೆ ಮತ್ತು ಆಹಾರದ ಶಿಸ್ತನ್ನು ಕಲಿಸಿದಾಗ ಮೂರು ವರ್ಷಗಳಲ್ಲಿ ಮಧುಮೇಹಕ್ಕೆ ಜಾರುವ ಸಂಭವ ಶೇ 28ರಷ್ಟು ಕಡಿಮೆಯಾಯಿತೆಂದು ಚೆನ್ನೈನ ವೈದ್ಯರ ಅಧ್ಯಯನ 2006ರಲ್ಲಿ ತೋರಿಸಿತು.

ಇದು ಹೊಸ ಅರಿವೂ ಅಲ್ಲ. ಬಡ ಪ್ರಮೇಹ ರೋಗಿ ಕೊಡೆ, ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಲಿ, ಬಾವಿ ತೋಡಲಿ ಎಂಬ ಅರ್ಥದ ಸಲಹೆ ಸುಶ್ರುತ ಸಂಹಿತೆಯಲ್ಲಿದೆ. ಇಂದಿನ ವೈದ್ಯರು ನಡಿಗೆಯನ್ನು ಒಪ್ಪುತ್ತಾರೆ, ಬರಿಗಾಲನ್ನು ಒಪ್ಪುವುದಿಲ್ಲ. ಹಳೆಯ ಮಧುಮೇಹಿಗಳಿಗೆ ಪಾದದ ಸ್ಪರ್ಶ ಕುಂದಿರುವುದರಿಂದ ಮುಳ್ಳು ಚುಚ್ಚಿದರೂ ತಿಳಿಯದೆ ಹುಣ್ಣಾಗಬಹುದು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಎರಡು ದಿನಕ್ಕಿಂತ ಹೆಚ್ಚು ಬಿಡುವಿಲ್ಲದಂತೆ, ಎಂಬುದು ಈಗಿನ ಸಲಹೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಊಟದ ನಂತರದ ಏರಿಕೆ ತಗ್ಗುತ್ತದೆ. ಮೆಟ್ಫಾರ್ಮಿನ್ ಮಾತ್ರೆಯೊಂದನ್ನೇ ನುಂಗುವವರಿಗೆ ನಡಿಗೆಯಿಂದ ಸಕ್ಕರೆ ಅಪಾಯಮಟ್ಟಕ್ಕೆ ಇಳಿಯುವ ಭಯ ಬಹಳ ಕಡಿಮೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಮಕ್ಕಳಂತೆಯೇ ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡು ಹೊರಡಬೇಕು.

ಮೈದಾನ ಬಿಡದವರು

ಪಾಕಿಸ್ತಾನದ ವೇಗದ ಬೌಲರ್ ವಸೀಂ ಅಕ್ರಂ ಅವರಿಗೆ 1997ರಲ್ಲಿ ಮಧುಮೇಹ ಪತ್ತೆಯಾಯಿತು. ಅವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಆಡಿದರು. 2003ರ ವಿಶ್ವಕಪ್ಪಿನಲ್ಲಿ ಏಕದಿನ ಕ್ರಿಕೆಟ್‌ನಲ್ಲಿ 500 ವಿಕೆಟ್ ಪಡೆದ ಮೊದಲ ಬೌಲರ್ ಎನಿಸಿದರು. ಬ್ರಿಟನ್ನಿನ ದೋಣಿ ಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ ಅವರಿಗೂ ಅದೇ ವರ್ಷ ಕಾಯಿಲೆ ಗೊತ್ತಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ತಮ್ಮ ಐದನೆಯ ಚಿನ್ನ ಗೆದ್ದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಟೈಪ್ 1 ಮಧುಮೇಹ ಬಂದಾಗ ಈಜು ಅಲ್ಲಿಗೆ ಮುಗಿಯಿತೆಂದು ವೈದ್ಯರು ಹೇಳಿದ್ದರು. ಮರುವರ್ಷವೇ ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನವನ್ನು ಸಹ ಆಟಗಾರನೊಂದಿಗೆ ಹಂಚಿಕೊಂಡರು. 2004ರಲ್ಲಿ ಅಥೆನ್ಸ್‌ನಲ್ಲಿ ಒಬ್ಬರೇ ಗೆದ್ದರು.

ಎಲ್ಲ ಮಕ್ಕಳೂ ಪದಕ ಗೆಲ್ಲಬೇಕಾಗಿಲ್ಲ. ಗೆಳೆಯರ ಜೊತೆ ಓಡಿ, ಮೊಣಕಾಲು ತರಚಿಕೊಂಡು, ಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ ಸಾಕು. ಅದಕ್ಕೆ ಬೇಕಾದ ಸರಂಜಾಮು ದೊಡ್ಡದೇನಲ್ಲ: ಚೀಲದಲ್ಲಿ ಗ್ಲುಕೋಮೀಟರ್, ಚಡ್ಡಿಯ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ, ವಿಷಯ ತಿಳಿದ ಒಬ್ಬ ಮೇಷ್ಟರು, ಮತ್ತು ಆಡಿದ ರಾತ್ರಿ ಎರಡು ಗಂಟೆಗೆ ಒಮ್ಮೆ ಎದ್ದು ಮಗುವಿನ ಹಣೆ ಮುಟ್ಟಿ ನೋಡುವ ಮನೆಯವರು.